ಭಾಳ ಸರಳ ಅದ

ನನ್ನ ಬೈಕಿನ ಕೀಲಿಗೆ ಒಂದು ಗುಲಾಬಿ ಚಿಟ್ಟೆ ಜೋತುಬಿದ್ದಿದೆ. ನಾನು ಕೇಳಿದ್ದಲ್ಲ, ಕೊಂಡಿದ್ದಲ್ಲ. ಮೀಸೆ ನರೆತ ಗಂಡಸು ಪೆಟ್ರೋಲ್ ಬಂಕಿನಲ್ಲಿ ಅದನ್ನು ಜೇಬಿನಿಂದ ತೆಗೆದರೆ ಪಂಪಿನ ಹುಡುಗ ಒಮ್ಮೆ ಚಿಟ್ಟೆ ನೋಡುತ್ತಾನೆ, ಒಮ್ಮೆ ಮೀಸೆ ನೋಡುತ್ತಾನೆ. ಹುಡುಗ ನಾರಾಯಣಪೇಟೆಯವನಾದರೆ ಏನೂ ಕೇಳುವುದಿಲ್ಲ. ಇವನೂ ಅಕ್ಕೋರ ಕೈಗೆ ಸಿಕ್ಕವನು ಎಂದು ಅವನಿಗೆ ತಿಳಿದುಬಿಡುತ್ತದೆ.

ಅಕ್ಕೋರ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ. ಇದನ್ನು ಓದಿದ ಮಕ್ತಲ್‌ನವರು ‘ನಮ್ಮ ಓಣಿಯವರೇ’ ಎಂದು ಆಣೆ ಮಾಡುತ್ತಾರೆ, ಗದ್ವಾಲದವರು ‘ನಮ್ಮ ಬೀಗರು’ ಎನ್ನುತ್ತಾರೆ. ಊರಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ನಮ್ಮವರು ಕೃಷ್ಣಾ ಮಂಡಲದ ಕನ್ನಡ ಶಾಲೆಯಲ್ಲಿ ಮಕ್ಕಳ ಕೈಗೆ ಬಳಪ ಹಿಡಿಸಿ ಹಿಡಿಸಿ ನಿವೃತ್ತರಾದವರು. ಬಳಪ ಹೋದ ಮೇಲೆ ಕೈಗೆ ಏನಾದರೂ ಬೇಕಿತ್ತು. ತಂಗಿಯ ಮಗಳು ಫೋನಿಗೆ ಒಂದು ವಿಡಿಯೋ ಕಳಿಸಿದಳು: ಕ್ರೋಶಾ ಸೂಜಿಯಲ್ಲಿ ಪುಟ್ಟ ಚಿಟ್ಟೆ, ಹೊಸಬರಿಗೆ. ಅಕ್ಕೋರು ಕಲಿತದ್ದು ಮಂಗಳವಾರ. ಕಲಿಸಲು ಶುರು ಮಾಡಿದ್ದು ಬುಧವಾರ.

‘ಭಾಳ ಸರಳ ಅದ’ ಎಂಬುದು ಅವರ ಪೀಠಿಕೆ. ಈ ಮಾತು ಕೇಳಿದೊಡನೆ ಎದ್ದು ಹೋದವರು ಬದುಕಿದರು. ಕೂತವರಿಗೆ ಪಾಠ.

‘ಐದು ಸರಪಳಿ ಹಾಕು. ಕೂಡಿಸು, ಉಂಗುರ ಆತು. ಈಗ ಕಂಬ. ಸೂಜಿಗೆ ದಾರ ಒಂದು ಸುತ್ತು, ಉಂಗುರದಾಗ ಇಳಿಸು, ಎಳಿ. ಸೂಜಿ ಮ್ಯಾಲ ಮೂರು ಕುಣಿಕಿ ಬಂದ್ವಿಲ್ಲೋ? ಎರಡು ಬಿಡು. ಮತ್ತ ಎರಡು ಬಿಡು. ಅದೇ ಕಂಬ. ಮೂರು ಕಂಬ, ಎರಡು ಸರಪಳಿ, ಮೂರು ಕಂಬ, ಎರಡು ಸರಪಳಿ, ಹಿಂಗ ಎಂಟು ಸಲ. ಎರಡನೇ ಸುತ್ತಿಗೆ ಒಂದೊಂದು ಸಂದಿನಾಗ ಏಳೇಳು ಕಂಬ. ಎಂಟು ಎಸಳಿನ ಹೂ ಆತು. ಅರ್ಧಕ್ಕ ಮಡಚು, ನಡು ದಾರ ಸುತ್ತಿ ಬಿಗಿ. ಉಳಿದ ಎರಡು ತುದಿ ಮೀಸಿ. ಮುಗೀತು!’

ಮುಗಿಯಿತು ಎನ್ನುವ ಹೊತ್ತಿಗೆ ನನ್ನ ಕೈಯಲ್ಲಿ ಇನ್ನೂ ಮೊದಲ ಸರಪಳಿ ಇತ್ತು. ಆದರೆ ಲೆಕ್ಕ ನನಗೂ ಬರುತ್ತದೆ. ಮೊದಲ ಸುತ್ತಿಗೆ 24 ಕಂಬ, ಎರಡನೆಯದಕ್ಕೆ 56, ಒಟ್ಟು 80. ಹನಮಕೊಂಡದ ಸಾವಿರ ಕಂಬದ ಗುಡಿಯನ್ನು ಕಾಕತೀಯರ ಬದಲು ಅಕ್ಕೋರಿಗೆ ವಹಿಸಿದ್ದರೆ ಹನ್ನೆರಡೂವರೆ ಚಿಟ್ಟೆಯಲ್ಲಿ ಕೆಲಸ ಮುಗಿಸಿಬಿಡುತ್ತಿದ್ದರು. ಇದನ್ನು ಅವರೆದುರು ಹೇಳಿದೆ. ‘ಅರ್ಧ ಚಿಟ್ಟಿ ಹ್ಯಾಂಗ ಬರ್ತದೋ, ಶಾಣ್ಯಾ’ ಎಂದರು.

ನಾನು ಹಾಕಿದ್ದು ಚಿಟ್ಟೆಯಾಗಲಿಲ್ಲ. ಏಳು ಕಂಬದ ಕಡೆ ಹತ್ತು ತುಂಬಿದ್ದರಿಂದ ರೆಕ್ಕೆ ಮುದುಡಿ, ಅಲೆಯಾಗಿ, ಕಾಡಿನ ಅಣಬೆಯಂತೆ ನಿಂತಿತು. ಸಮರ್ಥನೆಗೆ ನನ್ನ ಬಳಿ ಗಣಿತವಿತ್ತು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನಾ ಎಂಬ ಗಣಿತಜ್ಞೆ ಹೀಗೇ ಹೊಲಿಗೆ ಹೆಚ್ಚಿಸುತ್ತ ಹೋಗಿ, ಕಾಗದದಲ್ಲಿ ಹಿಡಿಯಲು ಒದ್ದಾಡುತ್ತಿದ್ದ ಒಂದು ಬಗೆಯ ಬಾಗಿದ ಜ್ಯಾಮಿತಿಯನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗಿಟ್ಟಿದ್ದರು. ಇದೆಲ್ಲ ವಿವರಿಸಿದೆ. ಅಕ್ಕೋರು ಕನ್ನಡಕ ಮೇಲೇರಿಸಿ ಪೂರ್ತಿ ಕೇಳಿದರು. ‘ಹಂಗಾದ್ರ ಆಕಿಗೂ ಕಂಬ ಎಣಸ್ಲಿಕ್ಕೆ ಬರ್ತಿರಲಿಲ್ಲೇನು?’ ಎಂದು ನನ್ನ ದಾರ ಎಳೆದು ಬಿಚ್ಚಿಬಿಟ್ಟರು. ಕ್ರೋಶಾದ ನಿರ್ದಯತೆ ಇದು: ಎಲ್ಲ ಕೆಲಸ ಕೊನೆಯ ಒಂದು ಕುಣಿಕೆಯ ಮೇಲೆ ನಿಂತಿರುತ್ತದೆ. ತುದಿ ಎಳೆದರೆ ಅರ್ಧ ತಾಸಿನ ಬಾಳು ಸರಸರನೆ ನೂಲಾಗುತ್ತದೆ.

ಇನ್ನು ಆ ನೂಲು. ಮೇ ತಿಂಗಳ ನಾರಾಯಣಪೇಟೆಯಲ್ಲಿ ನಾಯಿ ಕೂಡ ನೆರಳು ಬಿಟ್ಟು ಎದ್ದು ಬೊಗಳುವುದಿಲ್ಲ. ಅಂಥ ಬಿಸಿಲಲ್ಲಿ ಅಕ್ಕೋರ ತೊಡೆಯ ಮೇಲೆ ಉಲ್ಲನ್ ಉಂಡೆ. ಉಲ್ಲನ್ ಎನ್ನುವುದು ಹೆಸರಿಗೆ. ಆ ಅಕ್ರಿಲಿಕ್ ಜನ್ಮದಲ್ಲಿ ಕುರಿಯ ಮುಖ ಕಂಡಿಲ್ಲ. ನಿಜವಾದ ಕರಿ ಕುರಿಗಳ ಹಿಂಡು ಅದೇ ಹೊತ್ತಿಗೆ ಕಿಟಕಿಯ ಹೊರಗೆ ಧೂಳೆಬ್ಬಿಸಿಕೊಂಡು ಹೋಗುತ್ತಿರುತ್ತದೆ. ಕಂಬಳಿಗಾದ ಕುರಿಯ ಕಣ್ಣೆದುರೇ ಗುಲಾಬಿ, ಗಿಳಿಹಸಿರು, ನಿಂಬೆ ಹಳದಿ.

ಹೆಸರಿನದೂ ಒಂದು ಕಥೆ. ಪುಸ್ತಕದಲ್ಲಿ ಅದು ಚಿಟ್ಟೆ. ಪಕ್ಕದ ಮನೆಯ ತೆಲುಗಿನವರಿಗೆ ಸೀತಾಕೋಕಚಿಲುಕ, ಎದುರು ಮನೆಯ ಮರಾಠಿ ಅಜ್ಜಿಗೆ ಫುಲಪಾಖರು, ದಾರ ಮಾರುವ ಭಾಯಿಗೆ ತಿತ್ಲಿ. ಅಕ್ಕೋರು ಮೊದಮೊದಲು ನಮ್ಮ ಕಡೆಯ ಬಾಯಲ್ಲಿ ‘ಚಿಟ್ಟಿ’ ಎನ್ನುತ್ತಿದ್ದರು. ಒಂದು ದಿನ ನಲ್ಲಿಯ ಹತ್ತಿರ ‘ನಾಳಿಂದ ನಮ್ಮ ಮನ್ಯಾಗ ಚಿಟ್ಟಿ ಹಾಕ್ತೀವಿ, ಬರ್ರಿ’ ಎಂದು ಸಾರಿದರು. ಮರುದಿನ ಐದು ಜನ ತೆಲುಗು ಹೆಂಗಸರು ಸೆರಗಿನ ಗಂಟಿನಲ್ಲಿ ದುಡ್ಡು ಕಟ್ಟಿಕೊಂಡು ಬಂದು ಕೂತರು. ‘ನೆಲಕು ಎಂತ?’ ಎಂದು ಕೇಳಿದರು. ತಿಂಗಳಿಗೆ ಎಷ್ಟು ಕಟ್ಟಬೇಕು ಎಂದು. ತೆಲುಗಿನಲ್ಲಿ ಚಿಟ್ಟಿ ಎಂದರೆ ಚೀಟಿ ವ್ಯವಹಾರ. ದುಡ್ಡು ಸಿಗುವುದಿಲ್ಲ, ದಾರ ಸಿಗುತ್ತದೆ ಎಂದು ತಿಳಿದ ಮೇಲೆ ಇಬ್ಬರು ಎದ್ದು ಹೋದರು. ಮೂವರು ಸಂಕೋಚಕ್ಕೆ ಉಳಿದರು. ಅಕ್ಕೋರ ಶಿಷ್ಯಬಳಗ ಬೆಳೆದದ್ದೆಲ್ಲ ಈ ಸಂಕೋಚದಿಂದಲೇ. ಆಮೇಲೆ ಅವರು ‘ಪಾತರಗಿತ್ತಿ’ ಎನ್ನತೊಡಗಿದರು. ಬೇಂದ್ರೆಯವರ ಶಬ್ದ, ಅದರಲ್ಲಿ ಹಣಕಾಸಿನ ಅಪಾಯವಿಲ್ಲ.

ಪಾತರಗಿತ್ತಿಗೆ ನಿಜವಾದ ರೆಕ್ಕೆ ಕೊಟ್ಟದ್ದು ಸರಕಾರ. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಪಲ್ಲೆ ವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅಕ್ಕೋರ ಗಂಡನ ಮನೆ ನಾರಾಯಣಪೇಟೆ, ತವರು ಮಕ್ತಲ್, ಮಗಳನ್ನು ಕೊಟ್ಟದ್ದು ಗದ್ವಾಲಕ್ಕೆ. ಆಧಾರ್ ಕಾರ್ಡ್ ತೋರಿಸು, ಜೀರೋ ಟಿಕೆಟ್ ತಗೋ, ಕಿಟಕಿ ಪಕ್ಕ ಕೂತು ಸೂಜಿ ತೆಗೆ. ಮಕ್ತಲ್ ಬರುವಷ್ಟರಲ್ಲಿ ಒಂದು ಚಿಟ್ಟೆ. ಗದ್ವಾಲದ ದಾರಿಯಲ್ಲಿ ಜೂರಾಲ ಅಣೆಕಟ್ಟಿನ ಮೇಲೆ ಬಸ್ಸಿನವರೆಲ್ಲ ಕತ್ತು ಹೊರಳಿಸಿ ಕೃಷ್ಣೆಯ ನೀರು ನೋಡುತ್ತಿದ್ದರೆ, ಅಕ್ಕೋರು ತಲೆ ತಗ್ಗಿಸಿ ‘ಐದು, ಆರು, ಏಳು’ ಎನ್ನುತ್ತಿರುತ್ತಾರೆ. ಒಮ್ಮೆ ಕಂಡಕ್ಟರ್ ‘ಅಮ್ಮಾ, ಎಕ್ಕಡಿಕಿ?’ ಎಂದು, ಎಲ್ಲಿಗೆ ಅಂತ ಕೇಳಿದ್ದಕ್ಕೆ ‘ಐದನೇ ಎಸಳು’ ಎಂದುಬಿಟ್ಟರಂತೆ. ಅವನ ಟಿಕೆಟ್ ಯಂತ್ರದ ಪಟ್ಟಿಗೆ ಈಗ ಒಂದು ಹಳದಿ ಚಿಟ್ಟೆ ಇದೆ.

ರಾಯಚೂರಿನ ನೆಂಟರು ಮಾತ್ರ ಸುರಕ್ಷಿತ. ಗಡಿ ದಾಟಿದರೆ ತೆಲಂಗಾಣದ ಪುಕ್ಕಟೆ ಪ್ರಯಾಣ ನಡೆಯುವುದಿಲ್ಲ. ಕರ್ನಾಟಕದ ಶಕ್ತಿ ಯೋಜನೆಗೆ ಅಕ್ಕೋರ ಆಧಾರ್ ವಿಳಾಸ ಒಪ್ಪುವುದಿಲ್ಲ. ಆ ನೆಂಟರ ಫ್ರಿಜ್ಜಿನ ಹಿಡಿಕೆಗಳು ಇವತ್ತಿಗೂ ಬರಿದಾಗಿವೆ. ಗದ್ವಾಲ ಕೂಡ 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅದನ್ನು ಅಲ್ಲೇ ಬಿಟ್ಟಿದ್ದರೆ ಮಗಳ ಅತ್ತೆಮನೆಯೂ ಉಳಿದುಕೊಳ್ಳುತ್ತಿತ್ತು.

ಉಳಿಯಲಿಲ್ಲ. ಗದ್ವಾಲ ಸೀರೆ ಎಂದರೆ ಗೊತ್ತಲ್ಲ, ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಮಡಚಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಯುತ್ತದೆ ಎಂದು ಹೊಗಳುವುದು ವಾಡಿಕೆ. ಅಂಥ ಸೀರೆಯೊಂದರ ಸೆರಗಿಗೆ ಅಕ್ಕೋರು ಒಂಬತ್ತು ಅಕ್ರಿಲಿಕ್ ಚಿಟ್ಟೆ ಹೊಲಿದು ಬೀಗತಿಯ ಮುಂದೆ ಹಾಸಿದರು. ಬೀಗತಿ ತುಸು ಹೊತ್ತು ಸೀರೆ ನೋಡಿದರು, ತುಸು ಹೊತ್ತು ಸೊಸೆಯನ್ನು ನೋಡಿದರು. ‘ಚಂದ ಅವ ರೀ. ಈಗ ಬೆಂಕಿಪೊಟ್ಟಣ ಸ್ವಲ್ಪ ದೊಡ್ಡದು ಬೇಕಾಗ್ತದ’ ಎಂದರು. ಅಕ್ಕೋರು ಇದನ್ನು ಹೊಗಳಿಕೆಯ ಖಾತೆಗೆ ಬರೆದುಕೊಂಡರು.

ಅವರ ನಿಜವಾದ ಸಂಕಟ ಬೆಲೆಯದು. ಯಾರಾದರೂ ‘ಒಂದಕ್ಕ ಎಷ್ಟು ಅಕ್ಕೋರ?’ ಎಂದರೆ ಮುಖ ಕೆಂಪಾಗುತ್ತದೆ: ‘ನಾನೇನು ಅಂಗಡಿ ಇಟ್ಟೀನೇನು?’ ಯಾರೂ ಕೇಳದಿದ್ದರೆ ರಾತ್ರಿ ಗಂಡನಿಗೆ ನಿದ್ದೆಯಿಲ್ಲ: ‘ಒಬ್ಬಾಕಿನಾದ್ರೂ ಎಷ್ಟು ಅಂತ ಕೇಳಿದಳೇನು?’ ನಗಬಾರದು, ಈ ಗೊಂದಲ ಹಳೆಯದು. ಆಂಧ್ರದ ನರಸಾಪುರದಲ್ಲಿ ಮಿಷನರಿಗಳು ಬಿತ್ತಿದ ಕ್ರೋಶಾ ಲೇಸು ಹೆಂಗಸರ ಬೆರಳಿಂದ ಕಡಲಾಚೆ ಹೋಗಿ ಮಾರಾಟವಾಗುತ್ತಿತ್ತು. ಮನೆಯಲ್ಲಿ ಕೂತು ಹೆಣೆದವರನ್ನು ಮಾತ್ರ ‘ಸುಮ್ಮನೆ ಕೂತವರು’ ಎಂದೇ ಎಣಿಸಲಾಗುತ್ತಿತ್ತು. ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅದರ ಬಗ್ಗೆ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅಕ್ಕೋರ ಆ ಮೂವರು ಸಂಕೋಚದ ಶಿಷ್ಯೆಯರಲ್ಲಿ ಒಬ್ಬಳು ಈ ಗೊಂದಲಕ್ಕೆ ಬೀಳಲಿಲ್ಲ. ಅದೇ ಸೂಜಿ ಹಿಡಿದು ಸೆರಗಿಗೆ ಕುಚ್ಚು ಹಾಕಲು ಹೊರಟಳು, ಸೀರೆಗಿಷ್ಟು ಎಂದು ಬಾಗಿಲಲ್ಲೇ ಹೇಳುತ್ತಾಳೆ. ‘ಅದು ದಂಧೆ ಆತು, ಕಲಾ ಅಲ್ಲ’ ಎಂದ ಅಕ್ಕೋರು ಮರುದಿನ ತಮ್ಮ ಸೀರೆಯನ್ನೂ ಅವಳಿಗೇ ಕೊಟ್ಟರು.

ಇಷ್ಟೆಲ್ಲ ಆದ ಮೇಲೆ ಅಕ್ಕೋರು ಮಗ್ಗದ ಮನೆಗೆ ಹೋಗಬಾರದಿತ್ತು. ಹೋದರು. ನಮ್ಮ ಓಣಿಯಲ್ಲಿ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ನಾರಾಯಣಪೇಟೆ ಸೀರೆ ನೇಯುವ ಮುದುಕರೊಬ್ಬರಿದ್ದಾರೆ. ಒಂದು ಸಲ ಹಾಸು ಏರಿಸಿದರೆ ಏಳೆಂಟು ಸೀರೆ ಇಳಿಸುವವರೆಗೆ ಅವರ ಮಾತು ಲಾಳಿಗಷ್ಟೇ ಕೇಳುತ್ತದೆ. ‘ಯಜಮಾನ್ರ, ಕೈ ಖಾಲಿ ಇದ್ದಾಗ ಇದನ್ನ ಕಲೀರಿ, ಭಾಳ ಸರಳ ಅದ’ ಎಂದು ಅಕ್ಕೋರು ಮಾದರಿ ಚಿಟ್ಟೆ ಮುಂದಿಟ್ಟರು. ಮುದುಕರು ಲಾಳಿ ಬದಿಗಿಟ್ಟು ಸೂಜಿ ಇಸಿದುಕೊಂಡರು. ಹೇಗೆ ಎಂದು ಕೇಳಲಿಲ್ಲ. ಮಾದರಿಯನ್ನು ತಿರುಗಿಸಿ ಮುರುಗಿಸಿ ಒಮ್ಮೆ ನೋಡಿದರು. ಚಹಾ ಬಂದು ಆರುವಷ್ಟರಲ್ಲಿ ಚಿಟ್ಟೆ ಹಾಕಿ ಹಾಸಿನ ಮೇಲಿಟ್ಟರು. ರೆಕ್ಕೆ ನಾಲ್ಕೂ ಒಂದೇ ಅಳತೆ, ಒಂದೂ ಮುದುಡಿಲ್ಲ.

ಅಕ್ಕೋರು ಅದನ್ನೆತ್ತಿಕೊಂಡು ಬೆಳಕಿಗೆ ಹಿಡಿದರು. ‘ಇಲ್ಲಿ ಎಂಟು ಕಂಬ ಹಾಕೀರಿ ನೋಡ್ರಿ’ ಎಂದರು. ಎಣಿಸಿದರು. ಏಳೇ ಇದ್ದವು. ಪಕ್ಕದ ಎಸಳು ಎಣಿಸಿದರು. ಏಳು.

‘ಹೌದ್ರೀ ಅಕ್ಕೋರ’ ಎಂದರು ಮುದುಕರು, ಲಾಳಿ ಕೈಗೆತ್ತಿಕೊಳ್ಳುತ್ತ. ‘ಭಾಳ ಸರಳ ಅದ.’

ಅಂದು ವಾಪಸು ದಾರಿಯುದ್ದಕ್ಕೂ ಅಕ್ಕೋರು, ಜೊತೆಗೆ ಹೋಗಿದ್ದ ನನ್ನೊಂದಿಗೆ ಮಾತಾಡಲಿಲ್ಲ. ಮನೆಯ ಮೆಟ್ಟಿಲ ಬಳಿ ನಿಂತು, ‘ಹಂಗ ಅನ್ನಬಾರದಿತ್ತು’ ಎಂದಷ್ಟೇ ಹೇಳಿದರು.

ಹದಿನೈದು ದಿನ ಬಿಟ್ಟು ಮಕ್ತಲ್ ಬಸ್ಸಿನಲ್ಲಿ ಅವರ ಹಿಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿ ಯಾವುದೋ ಹೊಸ ಹೆಂಗಸು, ಎದ್ದು ಹೋಗಲು ದಾರಿಯಿಲ್ಲದಂತೆ ಕಿಟಕಿಯ ಕಡೆ ಕೂತಿದ್ದರು. ‘ನೋಡ್ಲಿಕ್ಕೆ ಸರಳ ಕಾಣ್ತದರೀ’ ಎನ್ನುತ್ತಿದ್ದರು ಅಕ್ಕೋರು, ‘ಎಲ್ಲಾರಿಗೂ ಬರೂದಲ್ಲ. ಕೈ ಪಳಗಬೇಕು. ಇದು ನೋಡ್ರಿ, ಹಿಂಗ ಬರಬೇಕು.’ ಚೀಲದಿಂದ ಒಂದು ಚಿಟ್ಟೆ ತೆಗೆದು ಅವರ ಅಂಗೈಗಿಟ್ಟರು. ನಾನು ಸೀಟಿನ ಮೇಲಿಂದ ಬಗ್ಗಿ ನೋಡಿದೆ. ರೆಕ್ಕೆ ನಾಲ್ಕೂ ಒಂದೇ ಅಳತೆ. ನಡುವಿನ ಗಂಟು ಅಕ್ಕೋರು ಹಾಕುವ ದಪ್ಪ ಗಂಟಲ್ಲ. ಮಗ್ಗದವರು ಕಡಿದ ಎಳೆ ಕೂಡಿಸಲು ಹಾಕುವ, ಬೆರಳಿಗೂ ತಾಗದ ಸಣ್ಣ ಗಂಟು.

‘ನೀವೇ ಹಾಕಿದ್ದೇನ್ರೀ?’ ಎಂದರು ಆ ಹೆಂಗಸು.

ಅಕ್ಕೋರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ಜೇಬಿನಿಂದ ಬೈಕಿನ ಕೀಲಿ ತೆಗೆದು, ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿಟ್ಟುಕೊಂಡೆ.