ಹಸಿರು ಬೋರ್ಡ್ ಗಾಡಿಯಲ್ಲಿ ಯೆಜ್ಡಿ ರಾಯರು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬ ಯೆಜ್ಡಿ ರಾಯರು ಇದ್ದೇ ಇರುತ್ತಾರೆ. ಅಸಲು ಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ. ಮನೆಯ ಪೋರ್ಟಿಕೊದಲ್ಲಿ ಬೆಡ್‌ಶೀಟ್ ಹೊದ್ದ ಬೈಕು, ಹೊರಗೆ ಮಳೆಯಲ್ಲಿ ನೆನೆಯುವ ಕಾರು. ಭಾನುವಾರ ಬೆಳಿಗ್ಗೆ ಬೆಡ್‌ಶೀಟ್ ತೆಗೆದು, ಹಳೇ ಬನಿಯನ್ನಿನಿಂದ ಟ್ಯಾಂಕ್ ಒರೆಸಿ, ಸ್ಟಾರ್ಟ್ ಮಾಡಿ, ಅಕ್ಕಪಕ್ಕದವರು ಒಣಹಾಕಿದ ಬಟ್ಟೆಗೆಲ್ಲ ಟು-ಸ್ಟ್ರೋಕ್ ಹೊಗೆ ಕುಡಿಸಿ, ಆಫ್ ಮಾಡಿ, ಮತ್ತೆ ಹೊದಿಸುತ್ತಾರೆ. ಓಡಿಸುವುದು ಯಾವಾಗ ಎಂದು ಕೇಳಬಾರದು. ಕೇಳಿದರೆ ಚರಿತ್ರೆ ಶುರುವಾಗುತ್ತದೆ: ಯೆಜ್ಡಿ ಹುಟ್ಟಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತೆರೆದದ್ದು, 1996ರಲ್ಲಿ ಮುಚ್ಚಿದ್ದು, ನಡುವೆ ಇಡೀ ಊರು ಹೇಗೆ ತಲೆಯೆತ್ತಿ ನಡೆಯುತ್ತಿತ್ತು ಎಂಬುದು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಬೈಕುಗಳು ಬಂದವಲ್ಲ ಎಂದರೆ, "ಫೋರ್-ಸ್ಟ್ರೋಕ್" ಎಂದಷ್ಟೇ ಹೇಳಿ, ಮನೆಯ ಮರ್ಯಾದೆ ಕಳೆದವರ ಸುದ್ದಿ ಬಂದಂತೆ ಮುಖ ತಿರುಗಿಸುತ್ತಾರೆ.

ಫೋರ್-ಸ್ಟ್ರೋಕಿಗೇ ಹೀಗಾದರೆ ಬ್ಯಾಟರಿ ಗಾಡಿಯ ಪಾಡೇನು? "ಸದ್ದಿಲ್ಲದೆ ಹಿಂದಿನಿಂದ ಬರೋದು ಕಳ್ಳರು ಮಾತ್ರ" ಎಂಬುದು ರಾಯರ ತೀರ್ಪು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಬೆಂಗಳೂರಿನ ಕೂಟಕ್ಕೆ ಹೋಗಲೇಬೇಕು, ಮೈಸೂರಿನಿಂದ ಬಂದ ಬೈಕಿಗೆ ಅಲ್ಲಿ ತವರಿನ ಗೌರವ. ಆದರೆ ರಾಯರ ಮಂಡಿ ಒಪ್ಪುವುದಿಲ್ಲ, ಹೆಂಡತಿ ಮೊದಲೇ ಒಪ್ಪುವುದಿಲ್ಲ. ಇವರಿಬ್ಬರ ಹೆಸರೂ ಹೇಳದೆ ತಪ್ಪನ್ನು ಹೆದ್ದಾರಿಯ ಮೇಲೆ ಹಾಕಲು ಸರ್ಕಾರವೇ ದಾರಿ ಮಾಡಿಕೊಟ್ಟಿದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. "ಸರ್ವೀಸ್ ರೋಡಲ್ಲಿ ಹಂಪ್ ಹಾರಿಸ್ಕೊಂಡು ಹೋಗೋ ಗಾಡಿ ಏನ್ರೀ ಇದು?" ಎಂದು ರಾಯರು ಗುಡುಗಿದರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ಒಂದು ಗೂಡ್ಸ್ ಗಾಡಿ ಬುಕ್ ಮಾಡಿದ. ಯಾವ ಗಾಡಿ ಎಂದು ಅಪ್ಪನಿಗೆ ಹೇಳದಷ್ಟು ಬುದ್ಧಿ ಅವನಿಗಿದೆ.

ರಾಯರು ಬೆಳಗಿನ ಜಾವ ಗೇಟಿನ ಬಳಿ ನಿಂತು ಡೀಸೆಲ್ ಸದ್ದಿಗೆ ಕಿವಿಗೊಟ್ಟಿದ್ದರು.

"ಸಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ರಿವರ್ಸ್ ತಗೋಬೇಕು."

ಬೆನ್ನ ಹಿಂದೆಯೇ ಎಲೆಕ್ಟ್ರಿಕ್ ಟಾಟಾ ಏಸ್ ನಿಂತಿತ್ತು. ಹಸಿರು ಬೋರ್ಡು, ಹಳದಿ ಅಕ್ಷರ, ಮಂಡ್ಯ ಕಡೆಯ ಹುಡುಗ. ರಾಯರು ಗಾಡಿಯನ್ನೂ ಹುಡುಗನನ್ನೂ ಮಗನ ಫೋನ್ ನಂಬರನ್ನೂ ಬಾರಿಬಾರಿಗೆ ನೋಡಿದರು. ಆದರೆ ಭಾನುವಾರವನ್ನು ಮುಂದೂಡಲಾಗುವುದಿಲ್ಲ.

ಹತ್ತಿಸುವ ಕೆಲಸದಲ್ಲಿ ರಾಯರ ಪಾಂಡಿತ್ಯ ಹೊರಬಿತ್ತು. ಎದುರುಮನೆಯ ಇಬ್ಬರು ಹುಡುಗರು ಹಲಗೆಯ ಮೇಲೆ ಬೈಕ್ ತಳ್ಳಿದರು, ರಾಯರು ಉಪನ್ಯಾಸ ತಳ್ಳಿದರು. ಪೆಟ್ರೋಲ್ ನಲ್ಲಿ ಬಂದ್ ಮಾಡಬೇಕು. ಮುಂದಿನ ಚಕ್ರ ಕ್ಯಾಬಿನ್ ಕಡೆಯ ತಗಡಿಗೆ ಒತ್ತಿ ನಿಲ್ಲಬೇಕು. ಬೆಲ್ಟ್ ಬಿಗಿದಾಗ ಮುಂದಿನ ಫೋರ್ಕ್ ಅರ್ಧ ಕುಗ್ಗಬೇಕು, ಪೂರ್ತಿ ಕುಗ್ಗಿದರೆ ಆಯಿಲ್ ಸೀಲ್ ಹೋಗುತ್ತದೆ. ಡ್ರೈವರ್ ಹುಡುಗ ಸೆಂಟರ್ ಸ್ಟ್ಯಾಂಡ್ ಹಾಕಲು ಹೋದ. "ಬೇಡ! ಗುಂಡಿಗೆ ಇಳಿದ್ರೆ ಸ್ಟ್ಯಾಂಡ್ ಮುರಿಯತ್ತೆ, ಎರಡು ಚಕ್ರದ ಮೇಲೇ ನಿಲ್ಲಬೇಕು." ಇದರಲ್ಲಿ ರಾಯರದೇ ಸರಿ ಎನ್ನದೆ ವಿಧಿಯಿಲ್ಲ. ಬೆಲ್ಟು ಟ್ಯಾಂಕಿನ ಬಣ್ಣ ಕೆರೆಯಬಾರದೆಂದು ಮೆತ್ತಗಿನ ಬಟ್ಟೆ ಬೇಕಾಯಿತು. ಒಳಗೆ ಹೋಗಿ ತಂದರು. ಅದು ಹೆಂಡತಿಯ ಮೈಸೂರು ಸಿಲ್ಕ್ ಎಂಬುದು ಶ್ರೀರಂಗಪಟ್ಟಣ ದಾಟಿದ ಮೇಲೆ ಬಂದ ಫೋನಿನಿಂದ ತಿಳಿಯಿತು.

ಏಸ್ ಹೊರಬಲ್ಲದ್ದು 600 ಕಿಲೋ. ಯೆಜ್ಡಿ ಒಂದೂವರೆ ಕ್ವಿಂಟಾಲೂ ಇಲ್ಲ. ಹಾಗಾಗಿ ಭಾರದ ಚಿಂತೆಯಿಲ್ಲ, ದೂರದ ಚಿಂತೆ. ಕಂಪನಿಯ ಕಾಗದದಲ್ಲಿ ಒಂದು ಚಾರ್ಜಿಗೆ 154 ಕಿಲೋಮೀಟರು. ಬೆಂಗಳೂರು ಇರುವುದು ಸುಮಾರು 145ರಲ್ಲಿ. "ಕಾಗದ ಕಾಗದವೇ ಸಾ, ಮದ್ದೂರಲ್ಲಿ ಚಾರ್ಜ್ ಹಾಕ್ಬೇಕು" ಎಂದ ಹುಡುಗ. ಬೆಂಗಳೂರು ಮೈಸೂರಿಗಿಂತ ನೂರೈವತ್ತು ಮೀಟರ್ ಎತ್ತರದಲ್ಲಿದೆ, ಹತ್ತುವಾಗ ಚಾರ್ಜ್ ಹೆಚ್ಚು ತಿನ್ನುತ್ತದೆ ಎಂದು ರಾಯರೂ ಸೇರಿಸಿದರು. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರೇ ತಿರುಗಿ ಬ್ಯಾಟರಿಗೆ ಒಂದಿಷ್ಟು ತುಂಬುತ್ತದೆ ಎಂದು ಹುಡುಗ ತೋರಿಸಿದಾಗ ಮಾತ್ರ ರಾಯರು ಮೀಟರಿನ ಕಡೆ ಬಗ್ಗಿ ನೋಡಿದರು. ನೋಡಿದ್ದನ್ನು ಯಾರಿಗೂ ಹೇಳಿಲ್ಲ.

ಮದ್ದೂರಿನಲ್ಲಿ ಪ್ಲಗ್ ಸಿಕ್ಕಿಸಿ ವಡೆ ತಿನ್ನುವಷ್ಟರಲ್ಲಿ ಬೈಕಿನ ಸುತ್ತ ಜನ. ಏಸ್ ಕಡೆ ಒಬ್ಬನೂ ನೋಡಲಿಲ್ಲ. "ಸ್ಟಾರ್ಟ್ ಆಗತ್ತಾ ಅಜ್ಜಾ?" ಎಂದ ಒಬ್ಬ ಕಾಲೇಜು ಹುಡುಗ. ಅಜ್ಜ! ರಾಯರು ಮಂಡಿಯನ್ನು ಮರೆತು ಗಾಡಿ ಹತ್ತಿದರು. ಎಡಗಡೆಯ ಗೇರ್ ಲಿವರನ್ನೇ ಒತ್ತಿ ಮೇಲೆತ್ತಿ ಕಿಕ್ಕರ್ ಮಾಡಿಕೊಳ್ಳುವ ಚಮತ್ಕಾರ ತೋರಿಸಿ ಒದ್ದರು. ಮೂರನೆಯ ಒದೆತಕ್ಕೆ ಎರಡೂ ಸೈಲೆನ್ಸರ್ ಬಾಯಿಬಿಟ್ಟವು. ನೀಲಿ ಹೊಗೆಯಲ್ಲಿ ಏಸ್ ಮುಳುಗಿಹೋಯಿತು.

ಆ ಹೊತ್ತಿಗೆ ಪೊಲೀಸಪ್ಪ ಬಂದ.

"ಏನಯ್ಯಾ, ಹಸಿರು ಬೋರ್ಡ್ ಗಾಡಿಯಿಂದ ಹೊಗೆ? ಎಮಿಷನ್ ಸರ್ಟಿಫಿಕೇಟ್ ತೆಗಿ."

"ಬ್ಯಾಟರಿ ಗಾಡಿಗೆ ಎಮಿಷನ್ ಇಲ್ಲ ಸಾ!"

"ಮತ್ತೆ ಇದೇನು?"

"ಅದು ಲೋಡು ಸಾ."

ಪೊಲೀಸಪ್ಪ ಹೊಗೆ ಚದುರುವವರೆಗೂ ಕಾದು, ಮೇಲೆ ನಿಂತಿದ್ದ ರಾಯರನ್ನು ನೋಡಿದ. "ಎಕ್ಸ್‌ಪ್ರೆಸ್‌ವೇಲಿ ಬೈಕ್ ಬಿಡಲ್ಲ, ಗೊತ್ತಲ್ವಾ?"

"ಬೈಕ್ ಓಡ್ತಾ ಇಲ್ಲ, ಪ್ರಯಾಣ ಮಾಡ್ತಾ ಇದೆ" ಎಂದರು ರಾಯರು. ಪೊಲೀಸಪ್ಪನ ತಂದೆಯ ಬಳಿಯೂ ಒಂದು ಜಾವಾ ಇತ್ತಂತೆ. ಚಾರ್ಜ್ ತುಂಬುವ ತನಕ ಇಬ್ಬರೂ ಪಾಯಿಂಟ್ ಗ್ಯಾಪ್ ಬಗ್ಗೆ ಮಾತಾಡಿದರು.

ಬೆಂಗಳೂರಿನಲ್ಲಿ, ಕೂಟಕ್ಕೆ ಇನ್ನೂ ಎರಡು ಬೀದಿ ಇರುವಾಗ, "ಇಲ್ಲೇ ಇಳಿಸಪ್ಪಾ" ಎಂದರು. ಹೆಲ್ಮೆಟ್ ಹಾಕಿ, ಸಿಲ್ಕ್ ಸೀರೆ ಸೀಟಿನ ಅಡಿಗೆ ತುರುಕಿ, ದಡದಡ ಸದ್ದು ಮಾಡುತ್ತಾ ಒಳಗೆ ಹೋದರು. ಸೀಟಿ, ಚಪ್ಪಾಳೆ. ಹರೆಯದವನೊಬ್ಬ ಕಣ್ಣರಳಿಸಿ ಕೇಳಿದ: "ಮೈಸೂರಿಂದ ಬಂದ್ರಾ ಸಾರ್? ದಾರೀಲಿ ತೊಂದರೆ ಕೊಡ್ಲಿಲ್ವಾ?"

"ಏನೂ ಇಲ್ಲ. ಮದ್ದೂರಲ್ಲಿ ಒಂದು ಸಲ ಪ್ಲಗ್ ನೋಡಿದ್ದು, ಅಷ್ಟೇ."

ಅಷ್ಟರಲ್ಲಿ ಹಿಂದಿನಿಂದ, ಎಂದಿನಂತೆ ಸದ್ದಿಲ್ಲದೆ ಬಂದ ಏಸ್ ಕಿಟಕಿಯಿಂದ ತಲೆ ಹೊರಹಾಕಿತು: "ಸಾ, ವಾಪಸ್ ಲೋಡಿಂಗಿಗೆ ಎಷ್ಟೊತ್ತಿಗೆ ಬರ್ಲಿ?"