ನಗರ್ತಪೇಟೆಯ ಕರೆಂಟು ಕಂಬದೊಡನೆ ಸಂದರ್ಶನ

ಭಾನುವಾರ ಬೆಳಗ್ಗೆ ಹಳೆಯ ಪೇಟೆಯನ್ನು ನೋಡಹೊರಡುವುದು ಬೆಂಗಳೂರಿನ ವಿದ್ಯಾವಂತರಲ್ಲಿ ಈಚೆಗೆ ಒಂದು ವ್ರತವೇ ಆಗಿಬಿಟ್ಟಿರುವುದರಿಂದ, ಬಸವನಗುಡಿ ಮಲ್ಲೇಶ್ವರಗಳ ನಾವು ಕೆಲವರು ಸ್ನೇಹಿತರು ಆ ಪುಣ್ಯದಲ್ಲಿ ಪಾಲು ಪಡೆಯಬೇಕೆಂದು ಸಂಕಲ್ಪಿಸಿ, ಮಾರ್ಕೆಟ್ಟಿನ ಮೆಟ್ರೋ ನಿಲ್ದಾಣದಲ್ಲಿ ಸೇರಿದೆವು. ಕೋಟೆಯ ದೆಹಲಿ ಬಾಗಿಲು, ಟಿಪ್ಪುವಿನ ಅರಮನೆ, ಕೋಟೆ ವೆಂಕಟರಮಣಸ್ವಾಮಿಯ ಗುಡಿ, ದೊಡ್ಡಪೇಟೆ, ಚಿಕ್ಕಪೇಟೆ, ಕಾಳಿಕಾಂಬೆ, ಧರ್ಮರಾಯಸ್ವಾಮಿ ಎಂಬುದಾಗಿ ನಮ್ಮ ಮುಂದಾಳು ಬರೆದು ತಂದಿದ್ದ ಪಟ್ಟಿಯಲ್ಲಿ ಒಂದೊಂದಕ್ಕೂ ನಿಮಿಷಗಳ ಲೆಕ್ಕವಿತ್ತೇ ಹೊರತು ದಣಿವಿಗೆ ಲೆಕ್ಕವಿರಲಿಲ್ಲ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ 7ರಂದು ಪೇಟೆಯೂ 21ರ ರಾತ್ರಿ ಕೋಟೆಯೂ ವಶವಾದುವೆಂದು ಚರಿತ್ರೆ ಹೇಳುತ್ತದೆ. ನಮಗಾದರೋ ಎರಡೂ ಮಧ್ಯಾಹ್ನದ ಊಟದೊಳಗಾಗಿ ಕೈವಶವಾದುವು.

ನಗರ್ತಪೇಟೆಯನ್ನು ಮುಟ್ಟುವ ವೇಳೆಗೆ ನನ್ನ ಮೊಣಕಾಲುಗಳು ಸತ್ಯಾಗ್ರಹವನ್ನು ಹೂಡಿದ್ದುವು. ಮರದ ಕೈಸಾಲೆಯುಳ್ಳ ಹಳೆಯ ಮನೆಯೊಂದು ಪಕ್ಕದ ಗಲ್ಲಿಯಲ್ಲಿ ಇನ್ನೂ ಉಳಿದಿದೆಯೆಂದು ಕೇಳಿ ಸ್ನೇಹಿತರೆಲ್ಲ ಅತ್ತ ಧಾವಿಸಿದರು. ಕುಳಿತುಕೊಳ್ಳಲು ಒಂದು ಜಗಲಿ ಸಿಕ್ಕೀತೇ ಎಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿ, ಷಟರುಗಳನ್ನಲ್ಲದೆ ಬೇರೇನನ್ನೂ ಕಾಣದೆ, ನಾನು ಅಲ್ಲಿದ್ದ ಕರೆಂಟು ಕಂಬಕ್ಕೆ ಒರಗಿದೆನು.

“ಒರಗುವುದಾದರೆ ಒರಗಿ, ಸ್ವಾಮಿ. ಆದರೆ ಆ ಬಾಯಿ ತೆರೆದ ಪೆಟ್ಟಿಗೆಯ ಕಡೆಗೆ ಮಾತ್ರ ಕೈ ಚಾಚಬೇಡಿ” ಎಂದು ಮೇಲಿನಿಂದ ಧ್ವನಿ ಬಂದಿತು. ಪತ್ರಿಕೆಯವನ ಅಭ್ಯಾಸ, ಕೂಡಲೆ ಕಾಗದ ಪೆನ್ಸಿಲು ತೆಗೆದೆ.

ನಾನು: ಯಜಮಾನರೇ, ತಮ್ಮ ಕುಲಗೋತ್ರಗಳನ್ನು ಓದುಗರಿಗೆ ತಿಳಿಸೋಣವಾಗಲಿ.

ಕಂಬ: ದೊಡ್ಡ ಮನೆತನ ಸ್ವಾಮಿ ನಮ್ಮದು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದ ಯೋಚನೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ಶಕ್ತಿ 1902ರಲ್ಲಿ ನಮ್ಮ ಹಿರಿಯರ ಹೆಗಲೇರಿ ತೊಂಬತ್ತು ಮೈಲಿಗೂ ಮಿಕ್ಕ ದೂರವನ್ನು ಕ್ರಮಿಸಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪವಾಗಿ ಬಂದದ್ದು 1905ರಲ್ಲಿ. ಮೊದಲು ಚಿನ್ನ, ಆಮೇಲೆ ಜನ. ಆ ಕ್ರಮವನ್ನು ಸರ್ಕಾರಗಳು ಅಂದಿನಿಂದ ತಪ್ಪಿಸಿಲ್ಲ.

ನಾನು: ಆ ದೀಪದ ಬೆಳಕಿನಲ್ಲಿ ಮನೆಮನೆಯ ಮುಂದೆಯೂ ಕಲ್ಲಿನ ಜಗಲಿ ಕಾಣುತ್ತಿದ್ದಿರಬೇಕಲ್ಲವೆ?

ಕಂಬ: ಇದ್ದುವು. ಆದರೆ ನಾನು ಹೇಳಬೇಕೆಂದಿದ್ದುದು ಜಗಲಿಯನ್ನಲ್ಲ, ಫೋಟೋವನ್ನು. ಬೆಳಗಿನಿಂದ ನೀವು ಏನೇನು ಕಂಡಿರಿ?

ನಾನು: ಟಿಪ್ಪುವಿನ ಅರಮನೆಯಲ್ಲಿ ತೇಗದ ಕಂಬಗಳು ಬಹು ರಮಣೀಯವಾಗಿದ್ದುವು. 1791ರಲ್ಲಿ ಪೂರೈಸಿದ ಕಟ್ಟಡವಂತೆ. ಸ್ವರ್ಗವೂ ಕರುಬಬೇಕಾದ ಮನೆಯೆಂದು ಪಾರಸಿ ಶಾಸನವೇ ಇದೆಯಂತೆ.

ಕಂಬ: ಹಾ! ಕಂಬಗಳು! ನಿಮ್ಮ ಸ್ನೇಹಿತರು ಅವುಗಳನ್ನು ತಬ್ಬಿಕೊಂಡು ಚಿತ್ರ ತೆಗೆಸಿಕೊಂಡರೋ ಇಲ್ಲವೋ? ಪಕ್ಕದ ವೆಂಕಟರಮಣಸ್ವಾಮಿಯ ಗುಡಿಯ ಮುಂದೆ ಗರುಡಗಂಬ. ಇಂಗ್ಲಿಷರ ಫಿರಂಗಿಯ ಗುಂಡು ಅದಕ್ಕೆ ತಗುಲಿ ಟಿಪ್ಪುವಿನ ಪ್ರಾಣ ಉಳಿಯಿತೆಂದು ಜನ ಹೇಳುತ್ತಾರೆ. ಅದಕ್ಕೂ ಒಂದು ಚಿತ್ರ. ಗುಂಡು ಒಂದು, ಬಡಿದದ್ದು ಒಂದೇ ಸಲ. ಸಾಮಾನಿನ ಆಟೋ ನನಗೆ ಬಡಿಯದ ದಿನವೇ ಇಲ್ಲವಲ್ಲ, ನನಗೇಕೆ ಐತಿಹ್ಯವಿಲ್ಲ? ಅವೂ ಭಾರ ಹೊರುವ ಕಂಬ, ನಾನೂ ಭಾರ ಹೊರುವ ಕಂಬ. ಈ ಬೀದಿಯಲ್ಲಿ ಹಳೆಯ ಕಿಟಕಿಯೊಂದು ಕಂಡರೆ ಸಾಕು, ಭಾನುವಾರದ ಮಂದಿ ಫೋನೆತ್ತಿ, ಎಡಕ್ಕೆ ಸರಿದು, ಬಲಕ್ಕೆ ಸರಿದು, ಕುಕ್ಕರಗಾಲಿನಲ್ಲಿ ಕುಳಿತು, ಕಡೆಗೆ “ಥೂ, ಈ ಕಂಬವೊಂದು ಅಡ್ಡ” ಎನ್ನುತ್ತಾರೆ. ಮೊದಮೊದಲು ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ಬಂದಿರುವ ವಿದ್ಯೆ ನಿಮಗೆ ತಿಳಿದೇ ಇದೆ. ಚಿತ್ರದಲ್ಲಿ ನನ್ನ ಮೈಮೇಲೆ ಬೆರಳಾಡಿಸಿದರೆ ನಾನು ಮಾಯ! ತಂತಿಯೂ ಮಾಯ, ಹಿಂದಿನ ಗೋಡೆ ತಾನಾಗಿ ತುಂಬಿಕೊಳ್ಳುತ್ತದೆ. ನನ್ನ ಎದುರಿಗೇ, ನನ್ನ ನೆರಳಿನಲ್ಲಿಯೇ ನಿಂತು ನನ್ನನ್ನು ಒರೆಸಿಹಾಕುವ ಈ ಕೃತಘ್ನತೆಯನ್ನು ಏನೆಂದು ಕರೆಯೋಣ?

ನಾನು: ತಮ್ಮ ಕೊರಳಿಗೆ ಸುತ್ತಿಕೊಂಡಿರುವ ತಂತಿಗಳ ವಿಷಯವಾಗಿ ಏನೂ ದೂರಿಲ್ಲವೇ? ಕೆಳಗಿನಿಂದ ನೋಡಿದರೆ ಆಕಾಶವೇ ಕಾಣದು.

ಕಂಬ: ಅದಿರಲಿ ಬಿಡಿ. ಟೀವಿಯದು ಒಂದಿಷ್ಟು, ಇಂಟರ್ನೆಟ್ಟಿನದು ಒಂದಿಷ್ಟು. ಸತ್ತುಹೋದವೂ ಬಹಳ ಉಂಟು. ಸತ್ತವರನ್ನು ಇಳಿಸುವ ಪದ್ಧತಿ ತಂತಿಗಳಲ್ಲಿಲ್ಲ. ಮೊದಲು ಊರಿಗೆ ಒಂದು ಪಾಲಿಕೆಯಿತ್ತು, 2025ರಲ್ಲಿ ಐದಾಯಿತು. ಹೊಸ ಫಲಕಗಳಿಗೆ ತಂತಿ ಬೇಕಾದರೆ ನನ್ನಲ್ಲಿಂದಲೇ ಕೊಡುತ್ತೇನೆ. ಅದಲ್ಲ ನನ್ನ ನೋವು. ಹೋದ ವಾರ ಒಬ್ಬಾಕೆ ನನ್ನನ್ನು ಒರೆಸುವಾಗ—

ನಾನು: ಕ್ಷಮಿಸಬೇಕು, ಒಂದು ಚಿಕ್ಕ ಪ್ರಶ್ನೆ. ಈ ಊರನ್ನು 1537ರಲ್ಲಿ ಕಟ್ಟಿದಾಗ ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ಕೆಂಪೇಗೌಡರು ನೇಗಿಲು ಹೂಡಿಸಿದರೆಂದೂ, ಎತ್ತುಗಳು ನಿಂತಲ್ಲಿ ಊರಬಾಗಿಲಾಯಿತೆಂದೂ ಪ್ರತೀತಿ. ಅಂದರೆ, ದಣಿದಲ್ಲಿ ನಿಂತುಬಿಡುವ ಅಧಿಕಾರವು ಎತ್ತಿಗೂ ಇದ್ದ ಊರು ಇದು. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆಗಳಿಗೆ ಹಳ್ಳಿಯಿಂದ ಮೂಟೆ ಹೊತ್ತು ಬಂದವನು ಯಾರ ಅಪ್ಪಣೆಯನ್ನೂ ಕೇಳದೆ ಯಾವ ಮನೆಯ ಜಗಲಿಯಲ್ಲಿಯಾದರೂ ಕುಳಿತು, ಬೆವರೊರೆಸಿಕೊಂಡು, ಒಳಗಿನಿಂದ ಒಂದು ಚೆಂಬು ನೀರನ್ನು ಪಡೆದು, ಎಲೆಯಡಿಕೆ ಹಾಕಿಕೊಂಡು ಮುಂದುವರಿಯುತ್ತಿದ್ದನು. ಜಗಲಿಯೆಂಬುದು ಮನೆಯವನದೂ ಹೌದು, ಬೀದಿಯವನದೂ ಹೌದು. ಈಗಲೋ! ಜಗಲಿಯಿದ್ದಲ್ಲಿ ಷಟರು, ಷಟರಿನ ಮುಂದೆ ಮೆಟ್ಟಿಲು, ಮೆಟ್ಟಿಲ ಮೇಲೆ ಯಾರೂ ಕೂಡದಿರಲೆಂದು ಕಬ್ಬಿಣದ ಮುಳ್ಳು. ಕಾಫಿಗೆ ಹೋದರೆ ದರ್ಶಿನಿ. ಅಲ್ಲಿಯೂ ನಿಂತೇ ತಿನ್ನಬೇಕು. ಇಂಥ ನಗರವನ್ನು ನಾಗರಿಕವೆಂದು ಹೇಗೆ ಕರೆಯುವುದು ಎಂಬುದೇ ನನ್ನ ಪ್ರಶ್ನೆ.

ಕಂಬ: ಚಿಕ್ಕ ಪ್ರಶ್ನೆಯೆಂದಿರಿ. ಸ್ವಾಮಿ, ನೆಟ್ಟ ದಿನದಿಂದ ನಿಂತೇ ಇರುವವನ ಮುಂದೆ ಕೂಡಲು ಜಾಗವಿಲ್ಲವೆಂದು ಗೋಳಾಡುವುದು ಸಭ್ಯತೆಯೇ?

ನಾನು: ಆಗಲಿ. ಧರ್ಮರಾಯನ ಕರಗದ ರಾತ್ರಿ ತಮಗೆ ಹೇಗಿರುತ್ತದೆ?

ಕಂಬ: ಚೈತ್ರ ಹುಣ್ಣಿಮೆಯ ಆ ಒಂದು ರಾತ್ರಿ ನನಗೆ ಮರ್ಯಾದೆಯುಂಟು. ಮಲ್ಲಿಗೆಯ ಕರಗ, ಕತ್ತಿ ಹಿಡಿದ ವೀರಕುಮಾರರು, ಗೋವಿಂದ ಗೋವಿಂದ ಎಂಬ ಘೋಷ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುವ ಕರಗ ಅದು. ಯಾರನ್ನೂ ಬಿಟ್ಟು ಹೋಗುವುದಲ್ಲ. ಜನಜಂಗುಳಿಯಲ್ಲಿ ಮಕ್ಕಳು ಕೈತಪ್ಪಿದರೆ “ಆ ಕಂಬದ ಹತ್ತಿರ ನಿಂತಿರು” ಎಂದು ತಾಯಂದಿರು ಮೊದಲೇ ಗುರುತು ಹೇಳಿರುತ್ತಾರೆ. ಆ ರಾತ್ರಿ ನನ್ನನ್ನು ಒರೆಸುವವರಿಲ್ಲ.

ನಾನು: ಮಕ್ಕಳೆಂದಮೇಲೆ ನೆನಪಾಯಿತು. ಕಂಬವನ್ನು ಕುರಿತು ನಮ್ಮ ಪುರಾಣಗಳಲ್ಲಿ ಅನಾದರವಿಲ್ಲ. ಪ್ರಹ್ಲಾದನು ತೋರಿಸಿದ ಕಂಬದಿಂದಲ್ಲವೆ ನರಸಿಂಹನು ಹೊರಬಂದು ಆ ಮಗುವನ್ನು ಉಳಿಸಿದ್ದು? ಆ ಹೊಸ್ತಿಲಿಗೂ ಒಂದು ಜಗಲಿ—

ಕಂಬ: ಆ ಕಂಬದಿಂದ ದೇವರು ಬಂದ. ನಮ್ಮಿಂದ ಯಾರು ಬಂದರು?

ಧ್ವನಿ ಬದಲಾಗಿತ್ತು. ನಾನು ಪೆನ್ಸಿಲನ್ನು ತಡೆದೆ.

ಕಂಬ: 2025ರ ಆಗಸ್ಟ್ 16. ಹಿಂದಿನ ದಿನ ಊರೆಲ್ಲ ಧ್ವಜ ಹಾರಿಸಿ ಮಿಠಾಯಿ ತಿಂದು ಮಲಗಿತ್ತು. ಬೆಳಗಿನ ಜಾವ ಈ ಪೇಟೆಯಲ್ಲೇ ಬೆಂಕಿ. ಕೆಳಗೆ ಪ್ಲಾಸ್ಟಿಕ್ಕಿನ ಚಾಪೆ, ಮೇಲೆ ಸಂಸಾರ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಇನ್ನೊಬ್ಬ ಯುವಕ. ಐದು ಜನ ಹೋದರು. ಶಾರ್ಟ್ ಸರ್ಕ್ಯೂಟ್ ಇರಬಹುದು ಎಂದರು. ಇರಬಹುದು. ನಾನು ನನ್ನ ಕುಲದ ಪರವಾಗಿ ವಾದಿಸುವುದಿಲ್ಲ. ಆದರೆ ಆ ಒಂದು ಮಾತನ್ನು ಹೇಳಿಬಿಟ್ಟರೆ ಮಿಕ್ಕ ಯಾವ ಮಾತನ್ನೂ ಆಡಬೇಕಾಗಿಲ್ಲ, ನೋಡಿ. ತಂತಿಗೆ ಕೋರ್ಟಿಲ್ಲ, ಜೈಲಿಲ್ಲ. ಎರಡು ಸೈಕಲ್ಲು ಎದುರುಬದುರಾಗದ ಗಲ್ಲಿಯಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರುವಾಗ ಕಾಗದಕ್ಕೆ ರುಜು ಹಾಕಿದವನು ತಂತಿಯಲ್ಲ. ಸುಡುವ ಸರಕು ತುಂಬಿದ ಗೋದಾಮಿನ ಮೇಲೆ ಮನೆ ಬಾಡಿಗೆಗೆ ಕೊಡುವವನು ತಂತಿಯಲ್ಲ. ಇಳಿಯಲು ಒಂದೇ ಮೆಟ್ಟಿಲು, ಅದರ ಮೇಲೂ ಮೂಟೆ. ಹಾಗಿರುವ ಕಟ್ಟಡಗಳನ್ನು ನಾನು ನಿಂತಲ್ಲಿಂದಲೇ ತೋರಿಸಬಲ್ಲೆ. ನೋಡಬೇಕಾದವರು ಬರುವುದಿಲ್ಲ. ಬಂದರೆ ಬೆಂಕಿಯ ಮರುದಿನ ಬರುತ್ತಾರೆ. ನೀವು ಪ್ರತಿ ಭಾನುವಾರ ಬರುತ್ತೀರಿ, ನೂರೈವತ್ತು ವರ್ಷದ ಕಿಟಕಿಯನ್ನು ನೋಡಿ ಅಯ್ಯೋ ಉಳಿಸಬೇಕು ಎನ್ನುತ್ತೀರಿ. ಅದರ ಮೇಲಿನ ಅಂತಸ್ತಿನಲ್ಲಿ ಒಗೆದ ಬಟ್ಟೆ ಒಣಗುತ್ತಿರುತ್ತದೆ, ಮಕ್ಕಳ ಯೂನಿಫಾರಂ. ಅದೂ ಚಿತ್ರಕ್ಕೆ ಅಡ್ಡವೆಂದು ನನ್ನ ಜೊತೆಗೇ ಒರೆಸುತ್ತೀರಿ.

ನನಗೆ ಕೇಳಲು ಯಾವ ಪ್ರಶ್ನೆಯೂ ತೋರಲಿಲ್ಲ. ಬರೆದಿದ್ದ ಪ್ರಶ್ನೆಗಳಲ್ಲಿ ಉಳಿದಿದ್ದುವೆಲ್ಲ ಜಗಲಿಯವು. ಸರಕಿನ ಆಟೋವೊಂದು ನಮ್ಮಿಬ್ಬರನ್ನೂ ಸವರಿಕೊಂಡು ಹೋಯಿತು. ಮೂಟೆ ಹೊತ್ತ ಹಮಾಲಿಯೊಬ್ಬನು “ಸೈಡು, ಸೈಡು” ಎನ್ನುತ್ತ ಬಂದು, ಭಾರವನ್ನು ಇಳಿಸದೆಯೇ ಕಂಬಕ್ಕೆ ಅರೆಗಳಿಗೆ ಹೆಗಲಾನಿಸಿ ಉಸಿರು ತೆಗೆದುಕೊಂಡು, ಹೊರಟುಹೋದನು.

ನಾನು (ಬಹಳ ಹೊತ್ತಿನ ಮೇಲೆ): ಇವನಿಗಾದರೂ ಒಂದು ಜಗಲಿ ಬೇಡವೇ ಯಜಮಾನರೇ?

ಕಂಬ: ಬೇಕು. ಈಗ ಒಂದು ಸರಿಯಾದ ಪ್ರಶ್ನೆ ಕೇಳಿದಿರಿ. ಅಂದಹಾಗೆ, ಈ ಸಂದರ್ಶನದ ಜೊತೆಗೆ ನನ್ನ ಚಿತ್ರವನ್ನು ಅಚ್ಚುಹಾಕಿಸುವಿರಾ?

ನಾನು: ಅದು ಸಂಪಾದಕರ ಚಿತ್ತ. ಸಾಮಾನ್ಯವಾಗಿ ಅವರು ಇಂಥ ಲೇಖನಕ್ಕೆ ಟಿಪ್ಪುವಿನ ಅರಮನೆಯನ್ನು ಹಾಕುತ್ತಾರೆ.

ಕಂಬ: ತೇಗದ ಕಂಬಗಳನ್ನು!

ನಾನು: ಅವು ಬಣ್ಣದಲ್ಲಿ ಚೆನ್ನಾಗಿ ಬರುತ್ತವೆ.

ಕಂಬ: ಬರಲಿ, ಬರಲಿ. ಅಗೋ, ನಿಮ್ಮ ಸ್ನೇಹಿತರು ಗಲ್ಲಿಯ ತಿರುವಿನಲ್ಲಿ ಕಾಣುತ್ತಿದ್ದಾರೆ. ಮುಂದಾಳು ನಿಮ್ಮ ಹಿಂದಿನ ಬಾಗಿಲುವಾಡವನ್ನು ನೋಡಿ ಫೋನೆತ್ತಿಯೂ ಆಯಿತು. ಸ್ವಲ್ಪ ಅತ್ತ ಸರಿಯಿರಿ ಸ್ವಾಮಿ, ನನ್ನೊಡನೆ ನಿಮ್ಮನ್ನೂ ಒರೆಸಿಹಾಕಿಯಾರು.