ಕಬ್ಬಿಣ ಕೊಡ್ರೀ, ಕಬ್ಬಿಣ!

ಬೆಂಗಳೂರಿನ ಅರೆಕೆರೆ ಗೇಟ್ ಬಸ್ ಸ್ಟಾಪಿನಲ್ಲಿ ಯಾರಿಗಾದರೂ ಫಿಟ್ಸ್ ಬಂತೆನ್ನಿ, ಅರ್ಧ ನಿಮಿಷದೊಳಗೆ ಮೆಡಿಕಲ್ ಬೋರ್ಡ್ ರೆಡಿ. ಆಟೋದಿಂದ ಬೀಗದ ಕೈ ಇಳಿಯುತ್ತದೆ, ಹೋಟೆಲಿನಿಂದ ಚಮಚ ಓಡಿಬರುತ್ತದೆ, ತರಕಾರಿ ಗಾಡಿಯಿಂದ ಈರುಳ್ಳಿ. ಏನೂ ಸಿಗದವರು ಕಾಲಲ್ಲಿರುವ ಚಪ್ಪಲಿಯನ್ನೇ ಬಿಚ್ಚಿ ಮೂಗಿಗೆ ಹಿಡಿಯುತ್ತಾರೆ. 'ಕಬ್ಬಿಣ ಕೊಡ್ರೀ, ಕಬ್ಬಿಣ!' ಎಂಬ ಅಪ್ಪಣೆ ಹಿಂದಿನ ಸಾಲಿನಿಂದ.

ಕಬ್ಬಿಣಕ್ಕೆ ಫಿಟ್ಸ್ ನಿಲ್ಲಿಸುವ ಶಕ್ತಿ ಇದ್ದಿದ್ದರೆ, ಬನ್ನೇರುಘಟ್ಟ ರಸ್ತೆಯ ಮೆಟ್ರೊ ಕಂಬಗಳೊಳಗಿನ ಟನ್‌ಗಟ್ಟಲೆ ಸರಳಿಗೆ ಹೆದರಿ ಈ ಕಡೆ ಯಾರಿಗೂ ಫಿಟ್ಸ್ ಬರಬಾರದಿತ್ತು. ಅದೇ ರಸ್ತೆ ಹಿಡಿದು ಡೈರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್ ಆಸ್ಪತ್ರೆ. ಅಲ್ಲಿ ಬರೆದುಕೊಡುವುದು ಮಾತ್ರೆ, ಬೀಗದ ಕೈಯನ್ನಲ್ಲ.

ಆದರೂ ಬೀಗದ ಕೈಯ ಕೀರ್ತಿ ಕುಗ್ಗಿಲ್ಲ. ಮಿದುಳಿನ ಕರೆಂಟು ಏರುಪೇರಾಗಿ ಬರುವ ಫಿಟ್ಸ್ ಬಹಳ ಸಲ ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಕೈಗೆ ತುರುಕಿದ್ದು ಯಾರ ಕೀಲಿಯೋ ಅವರೇ ಡಾಕ್ಟರು!

ಇನ್ನು ಆ ಚಮಚ, ನಾಲಿಗೆ ನುಂಗದಿರಲಿ ಅಂತ. ನಾಲಿಗೆಯನ್ನು ಯಾರೂ ನುಂಗುವುದಿಲ್ಲ ಸ್ವಾಮಿ. ಚಮಚ ತುರುಕಿದರೆ ಹಲ್ಲು ಮುರಿದೀತು, ಕೈಕಾಲು ಅದುಮಿದರೆ ಕೀಲು ತಪ್ಪೀತು, ನೀರು ಹೊಯ್ದರೆ ಶ್ವಾಸಕೋಶಕ್ಕೆ ಹೋದೀತು. ತಲೆಗೆ ತಗಲುವ ಕಲ್ಲುಗಿಲ್ಲು ಸರಿಸಿ, ತಲೆಯಡಿಗೆ ಸ್ವೆಟರ್ ಮಡಚಿಡಿ, ಕತ್ತಿನ ಗುಂಡಿ ಸಡಿಲಿಸಿ. ಅದುರುವುದು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಟೈಮು ನೋಡುತ್ತಿರಿ. 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ, ಏಟು ಬಿದ್ದಿದ್ದರೆ, ಬಸುರಿಯಾಗಿದ್ದರೆ ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಫೋನ್ ಮಾಡಿ.

ಟೈಮು ನೋಡುವವರು ಮಾತ್ರ ಇಲ್ಲ. ಇಪ್ಪತ್ತು ಮೊಬೈಲು ವಿಡಿಯೊ ಮಾಡುತ್ತಿರುತ್ತವೆ, ಇಪ್ಪತ್ತರ ಪರದೆಯ ಮೇಲೂ ಸೆಕೆಂಡು ಓಡುತ್ತಿರುತ್ತದೆ. ಎಷ್ಟು ಹೊತ್ತಾಯಿತು ಎಂದು ಕೇಳಿ, 'ಹತ್ತು ನಿಮಿಷ ಇರಬಹುದು' ಎನ್ನುತ್ತಾರೆ. ನರರೋಗ ತಜ್ಞರಿಗೆ ಆ ವಿಡಿಯೊ ನಿಜಕ್ಕೂ ಉಪಯೋಗದ್ದು. ಅದು ಅವರೊಬ್ಬರನ್ನು ಬಿಟ್ಟು ಲೇಔಟಿನ ಎಲ್ಲ ವಾಟ್ಸಾಪ್ ಗ್ರೂಪಿಗೂ ತಲುಪುತ್ತದೆ.

ಕಣ್ಣು ಬಿಟ್ಟವರಿಗೆ ಮೊದಲ ಪ್ರಶ್ನೆ: 'ಮದುವೆ ಆಗಿದೆಯಾ?' ಹಿಂದೂ ವಿವಾಹ ಕಾಯ್ದೆಯ ಷರತ್ತುಗಳಿಂದ ಅಪಸ್ಮಾರವನ್ನು, ಅಂದರೆ ಇದೇ ಫಿಟ್ಸ್ ಕಾಯಿಲೆಯನ್ನು, ಸಂಸತ್ತು 1999ರಲ್ಲೇ ಕಿತ್ತುಹಾಕಿತು. ಸುದ್ದಿ ಇನ್ನೂ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿದೆ.

ಪಾಪ, ಆ ಹೊತ್ತಿಗೆ ಬೇಕಾದ್ದು ಪಕ್ಕದಲ್ಲಿ ಕೂತು 'ಏನಿಲ್ಲ, ಸರಿಹೋಯ್ತು, ನಾನಿದ್ದೀನಿ' ಎನ್ನುವ ಒಬ್ಬರು. ಅಷ್ಟು ಜನರಲ್ಲಿ ಆ ಹುದ್ದೆಗೆ ಮಾತ್ರ ಅರ್ಜಿ ಬರುವುದಿಲ್ಲ.